ಸಾಹೇಬರಿಗೂ ಊರಿಗೂ ನಡುವೆ ನಾನು ಕೆಡಿಸಿದ ಮಾತುಗಳು

ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸ ಹಿಡಿದವರ ಬಾಳಿನಲ್ಲಿ ಎಡವಟ್ಟಿಲ್ಲದ ವಾರವೇ ಇರುವುದಿಲ್ಲ. ಬೇರೆಯವರು ಅದನ್ನು ಹೇಳಿ ನಗುತ್ತಾರೆ. ನನಗೆ ಇಷ್ಟು ವರ್ಷಗಳಾದ ಮೇಲೂ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಅಫಜಲಪುರಕ್ಕೆ ದೂರದ ತಂಪು ದೇಶದಿಂದ ಒಬ್ಬ ಡಾಕ್ಟರೂ ಅವರ ಹೆಂಡತಿಯೂ ಬಂದರು. ಇಬ್ಬರಿಗೂ ಅರವತ್ತು ದಾಟಿತ್ತು. ಅವರು ಕಣ್ಣಿನ ಡಾಕ್ಟರು, ಆಕೆ ಒಂದು ಕಾಲಕ್ಕೆ ನರ್ಸ್ ಆಗಿದ್ದವರು. ತಮ್ಮ ಧರ್ಮದ ಸೇವೆ ಎಂದು ಬಂದಿದ್ದರು. ಬಾವಿ ಇದ್ದ ಒಂದು ಬಾಡಿಗೆ ಮನೆ ಹಿಡಿದು ಅಲ್ಲೇ ದವಾಖಾನೆ ತೆರೆದರು, ಜೀಪಿನಲ್ಲಿ ಆಳಂದ, ಜೇವರ್ಗಿ ಕಡೆಯ ಹಳ್ಳಿಗಳಿಗೂ ಹೋಗಿಬರುತ್ತಿದ್ದರು. ಊರಿಗೆಲ್ಲ ಅವರು ಸಾಹೇಬರು, ಆಕೆ ಅಮ್ಮನವರು. ನಾನು ಅವರಿಬ್ಬರಿಗೆ ಕನ್ನಡ ಕಲಿಸಲು, ರೋಗಿಗಳ ಮಾತು ತಿಳಿಸಿ ಹೇಳಲು ನೇಮಕವಾದ ಅಕ್ಕೋರು. ಆರು ವರ್ಷ ಅವರ ಜೊತೆ ಇದ್ದೆ.

ಮುಂಜಾನೆ ಒಮ್ಮೆ, ಸಂಜೆ ಒಮ್ಮೆ

ನಾನು ಬಿ.ಎ. ಪಾಸಾಗಿದ್ದೆ. ಇಂಗ್ಲಿಷ್ ಪೇಪರನ್ನು ಗೈಡು ಬಾಯಿಪಾಠ ಮಾಡಿ ಬರೆದಿದ್ದೆ. ಆ ಮಾತು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂಗ್ಲಿಷ್ ಬಲ್ಲ ಹೆಣ್ಣುಮಗಳು ಬೇಕಂತೆ ಎಂದು ಸುದ್ದಿ ಬಂದಾಗ ನಮ್ಮಪ್ಪ, "ನಮ್ಮ ಹುಡುಗಿ ಇಂಗ್ಲಿಷ್ ನೀರ ಕುಡದಂಗ ಮಾತಾಡ್ತದ" ಎಂದು ಹೇಳಿ ಬಂದುಬಿಟ್ಟರು.

ಹೋದೆ. ಸಾಹೇಬರೂ ಅಮ್ಮನವರೂ ಎದುರು ಕೂತಿದ್ದರು. ಅಮ್ಮನವರು ಮೃದುವಾಗಿ ಉದ್ದನೆಯ ಒಂದು ಪ್ರಶ್ನೆ ಕೇಳಿದರು. ನನ್ನ ಕಿವಿಗೆ ಬಿದ್ದದ್ದು ಅದರ ಕೊನೆಯ ತುಂಡು ಒಂದೇ, ಟೀ. ಮನೆಗೆ ಬಂದವರಿಗೆ ಚಹಾ ಕುಡಿಯುತ್ತೀರಾ ಎಂದು ಕೇಳುವುದು ನಮ್ಮಲ್ಲೂ ಇದೆಯಲ್ಲ. ನಾನು ಧೈರ್ಯವಾಗಿ, "ಯೆಸ್. ಟೂ ಟೈಮ್ಸ್. ಮಾರ್ನಿಂಗ್, ಈವನಿಂಗ್" ಎಂದೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡು ಖುಷಿಪಟ್ಟರು. ಸಾಹೇಬರು ಇನ್ನೇನೋ ಕೇಳಿದರು. ನನಗೆ ಒಂದು ಶಬ್ದವೂ ಹತ್ತಲಿಲ್ಲ. ಚಹಾದ ಮಾತೇ ನಡೆದಿದೆ, ಸಕ್ಕರೆ ಎಷ್ಟು ಎಂದು ಕೇಳುತ್ತಿರಬೇಕು ಎಂದುಕೊಂಡು, "ವೆರಿ ಸ್ವೀಟ್" ಎಂದೆ. ಅಮ್ಮನವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಕೆಲಸ ಸಿಕ್ಕಿತು.

ಮರುದಿನ ಮುಂಜಾನೆ ಹೋಗಿ ಪಾಠ ಹೇಳಿ ಬಂದೆ. ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತಿದ್ದಾಗ ಜೀಪು ಬಾಗಿಲಿಗೆ ಬಂತು. ಅವರಿಬ್ಬರೂ ಪುಸ್ತಕ ತೆರೆದು ಅರ್ಧ ತಾಸಿನಿಂದ ಕಾಯುತ್ತಿದ್ದಾರೆ ಎಂದು ಡ್ರೈವರ್ ಹೇಳಿದ. ಆಗ ಗೊತ್ತಾಯಿತು. ಅಮ್ಮನವರು ಕೇಳಿದ್ದು ಟೀ ಅಲ್ಲ, ಟೀಚ್. ನಮಗೆ ಕಲಿಸಲು ಆದೀತೇ ಎಂದು ಕೇಳಿದ್ದಕ್ಕೆ ನಾನು ದಿನಕ್ಕೆ ಎರಡು ಸಲ ಎಂದಿದ್ದೆ. ಕನ್ನಡ ಕಷ್ಟವೇ ಎಂದು ಸಾಹೇಬರು ಕೇಳಿದ್ದಕ್ಕೆ ಬಹಳ ಸಿಹಿ ಎಂದಿದ್ದೆ. ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಆರು ವರ್ಷವೂ ದಿನಕ್ಕೆ ಎರಡು ಹೊತ್ತು ಪಾಠ ಹೇಳಿದೆ. ಬಂದ ಅತಿಥಿಗಳಿಗೆಲ್ಲ ಅಮ್ಮನವರು, ನಮ್ಮ ಟೀಚರಿಗೆ ತಮ್ಮ ಭಾಷೆಯ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಆ ಕತೆ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿದರೆ ವಿನಯ ಎಂದುಕೊಳ್ಳುತ್ತಿದ್ದರು.

ಅಷ್ಟು ವರ್ಷದಲ್ಲಿ ಆ ಮನೆಯಲ್ಲಿ ನನಗೆ ಒಂದು ಲೋಟ ಚಹಾ ಸಿಗಲಿಲ್ಲ. ಅವರಿಬ್ಬರಿಗೂ ಚಹಾ ಕುಡಿಯುವ ಅಭ್ಯಾಸವೇ ಇರಲಿಲ್ಲ.

ಕಿಣ್ಣಿ ಸುಲ್ತಾನದಲ್ಲಿ ಪುರಾಣ

ಮನೆಯಲ್ಲಿ ನಾನು ಆಡುವುದು ನಮ್ಮ ಕಡೆಯ ಮಾತು. ಆದರೆ ಪರದೇಶದ ದೊಡ್ಡ ಡಾಕ್ಟರಿಗೆ ಹೋಗಾಕತ್ತೇನಿ, ಬರಾಕತ್ತೇನಿ ಎಂದು ಕಲಿಸಿದರೆ ಮರ್ಯಾದೆಯೇ? ನಮ್ಮ ಮಾತಿನ ಬಗ್ಗೆ ನನಗೆ ಅಷ್ಟು ನಾಚಿಕೆ. ಮೆಟ್ರಿಕ್ಕಿನ ಹಳೆಗಾಲದ ಪಠ್ಯಪುಸ್ತಕ ಹುಡುಕಿ ತಂದು, ಅದರಲ್ಲಿದ್ದಂತೆಯೇ ಕಲಿಸಿದೆ. ಸಾಹೇಬರು ಜಾಣರು. ಒಂದು ವರ್ಷದಲ್ಲಿ ಪುಸ್ತಕ ಬಾಯಿಪಾಠ ಮಾಡಿಬಿಟ್ಟರು.

ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ ಕಣ್ಣಿನ ಕ್ಯಾಂಪು ಇಟ್ಟಾಗ, ಇವತ್ತು ನಾನೇ ಮಾತಾಡುತ್ತೇನೆ, ನೀವು ಹೆಸರು ಬರೆದುಕೊಳ್ಳಿ ಎಂದರು. ಶಾಲೆಯ ಕಟ್ಟೆಯ ಮೇಲೆ ಕುರ್ಚಿ ಹಾಕಿತ್ತು. ಮೊದಲು ಬಂದವನು ರುಮಾಲು ಸುತ್ತಿದ ಒಬ್ಬ ಮುದುಕ. ಸಾಹೇಬರು ಗಂಟಲು ಸರಿಮಾಡಿಕೊಂಡು ಕೇಳಿದರು:

"ಪೂಜ್ಯರೇ, ತಮ್ಮ ನೇತ್ರಗಳಿಗೆ ಈ ಬಾಧೆಯು ಎಂದಿನಿಂದ ಪ್ರಾಪ್ತವಾಯಿತು?"

ಮುದುಕ ಸುತ್ತ ನೋಡಿದ. ಕಾಲಲ್ಲಿದ್ದ ಕೆರ ಬಿಟ್ಟು, ಕೈ ಮುಗಿದು, ಕಟ್ಟೆಯ ಕೆಳಗೆ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತ. ಸಾಹೇಬರು ಮುಂದುವರಿದರು. ಭೋಜನದಲ್ಲಿ ರುಚಿ ಉಂಟೋ ಎಂದರು, ನಿದ್ರೆಯು ಸುಖವಾಗಿ ಬರುವುದೋ ಎಂದರು. ಮುದುಕ ಕಣ್ಣು ಮುಚ್ಚಿ ಆನಂದದಿಂದ ತಲೆಯನ್ನು ಆಕಡೆ ಈಕಡೆ ತೂಗಿದ. ಸಾಹೇಬರು ಅದನ್ನು ಇಲ್ಲ, ಇಲ್ಲ ಎಂದು ಬರೆದುಕೊಂಡರು.

ನೋಡನೋಡುತ್ತ ಹೆಣ್ಣುಮಕ್ಕಳು ಒಂದು ಕಡೆ, ಗಂಡಸರು ಒಂದು ಕಡೆ ಬಂದು ಕೂತರು. ಯಾರೋ ಕಂಬಳಿ ಹಾಸಿದರು. ಯಾರೋ ಒಂದು ತೆಂಗಿನಕಾಯಿ ತಂದು ಸಾಹೇಬರ ಕಾಲ ಹತ್ತಿರ ಇಟ್ಟರು. ಊರಿನ ಹಿರಿಯರೊಬ್ಬರು ನನ್ನ ಹತ್ತಿರ ಬಗ್ಗಿ, "ಅಕ್ಕೋರೆ, ಯಾವ ಮಠದ ಅಪ್ಪೋರ್ರಿ ಇವರು? ಶ್ರಾವಣ ಇನ್ನೂ ದೂರ ಅದ, ಈಗೇ ಪುರಾಣ ಹಚ್ಯಾರಲ್ರಿ" ಎಂದರು.

ಆಗಲೇ ಎದ್ದು ನಿಂತು ಇವರು ಡಾಕ್ಟರು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅದೇ ಈಗಲೂ ನನ್ನನ್ನು ಚುಚ್ಚುವುದು. ಇಷ್ಟು ಚಂದದ ಕನ್ನಡ ನಾನು ಕಲಿಸಿದ್ದಲ್ಲವೇ ಎಂಬ ಜಂಬ. ಅರ್ಧ ತಾಸು ಪೆನ್ನು ಹಿಡಿದು ಹೆಮ್ಮೆಯಿಂದ ಕೂತೇ ಇದ್ದೆ. ಅತ್ತ ಖರೇನೇ ಕಣ್ಣು ನೋಯುವವರು ಹಿಂದೆ ಬಿಸಿಲಲ್ಲಿ ನಿಂತಿದ್ದರು. ಕೊನೆಗೆ ಡ್ರೈವರ್ ಚಾಚಾ, ನಮ್ಮ ಊರಿನವನೇ, ದಖನಿ ಉರ್ದು ಕನ್ನಡ ಎರಡೂ ಬಲ್ಲವನು, ಜೀಪಿನ ಬಾನೆಟ್ ತಟ್ಟಿ ಕೂಗಿದ, "ಪುರಾಣ ಖತಮ್ ಆತ್ರಿ. ಕಣ್ಣ ಬ್ಯಾನಿ ಇದ್ದೋರು ಈ ಕಡೆ ಬರ್ರಿ, ಇಲ್ದೋರು ಮನಿಗಿ ನಡೀರಿ."

ಸಾಹೇಬರು ಆ ಮುದುಕನ ರೆಪ್ಪೆ ಎಳೆದು ನೋಡಲು ಹೋದರು. ಅವನು ಹಿಂದೆ ಸರಿದು ನನಗೆ ಹೇಳಿದ, "ನನ್ನ ಕಣ್ಣ ಚಲೋ ಅವ ಅಕ್ಕೋರೆ. ಬ್ಯಾನಿ ಇದ್ದವ ನಮ್ಮ ತಮ್ಮ, ಮನ್ಯಾಗ ಮಲಗ್ಯಾನ. ನಾ ಕರದೆ, ಬರಲಿಲ್ಲ. ಅವಂಗ ಮೊದಲಿಂದ ಪುರಾಣಂದ್ರ ಆಗಿಬರೂದಿಲ್ಲ."

ಮರುದಿನದಿಂದ ಸಾಹೇಬರು ಜೀಪಿನ ಮುಂದಿನ ಸೀಟಿನಲ್ಲಿ ಕೂತು ಡ್ರೈವರ್ ಚಾಚಾನಿಂದ ಕನ್ನಡ ಕಲಿಯತೊಡಗಿದರು. ಮೂರು ತಿಂಗಳಲ್ಲಿ ರೋಗಿಗಳಿಗೆ ಅವರ ಮಾತು ತಿಳಿಯುವ ಹಾಗಾಯಿತು. ನನ್ನ ಎರಡು ಹೊತ್ತಿನ ಪಾಠ ನಡೆದೇ ಇತ್ತು, ಪುಸ್ತಕ ಮಾತ್ರ ಕಪಾಟು ಸೇರಿತು.

ಬಾರಬೇ, ಕೂಡಬೇ

ಅಮ್ಮನವರ ಕಲಿಯುವ ರೀತಿ ಬೇರೆ. ಪುಸ್ತಕಕ್ಕಿಂತ ಹೆಚ್ಚಾಗಿ ನಾವು ಮಾತಾಡುವುದನ್ನು ಕೇಳಿಸಿಕೊಂಡು, ಸಣ್ಣ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಸಮಯ ಬಂದಾಗ ಬಳಸುವವರು.

ಊರಿಗೆ ಹೊಸದಾಗಿ ಒಬ್ಬ ದೊಡ್ಡ ಅಧಿಕಾರಿ ಬಂದಿದ್ದರು. ಅವರ ಹೆಂಡತಿ ಒಂದು ಸಂಜೆ ರೇಷ್ಮೆ ಸೀರೆ ಉಟ್ಟು ಭೇಟಿಗೆ ಬಂದರು. ಅಮ್ಮನವರು ಬಾಗಿಲಿಗೆ ಹೋಗಿ, ಮುಖದ ತುಂಬ ನಗು ತುಂಬಿಕೊಂಡು ಕರೆದರು, "ಬಾರಬೇ, ಬಾ. ಕೂಡಬೇ. ಯಾಕಬೇ ಇಷ್ಟ ತಡಾ?"

ಆಕೆ ಹೊಸ್ತಿಲಲ್ಲೇ ನಿಂತುಬಿಟ್ಟರು. ನಾನು ನಡುವೆ ಬಂದು ಏನೇನೋ ಸಮಾಧಾನ ಹೇಳಿದೆ. ಹೊಸದಾಗಿ ಕಲಿಯುತ್ತಿದ್ದಾರೆ, ಬೇಸರ ಮಾಡಬೇಡಿ ಎಂದೆ. ಆಕೆ ಕೂತರು, ಆದರೆ ಕುರ್ಚಿಯ ತುದಿಗೆ. ಹತ್ತು ನಿಮಿಷದಲ್ಲಿ ಎದ್ದು ಹೋದರು. ಹೋಗುವಾಗ ನನಗೆ ಕೇಳುವಂತೆ, "ನಾ ಏನ್ ಇವರ ಮನ್ಯಾಗ ಕಸ ಹೊಡಿಯಾಕ ಬಂದಿದ್ನೇನು?" ಎಂದರು.

ಅವರು ಹೋದ ಮೇಲೆ ನಾನು ಅಮ್ಮನವರನ್ನು ತರಾಟೆಗೆ ತೆಗೆದುಕೊಂಡೆ. ನಾನು ಇಷ್ಟು ಕಷ್ಟಪಟ್ಟು ಬನ್ನಿ, ಕುಳಿತುಕೊಳ್ಳಿ ಎಂದು ಕಲಿಸಿದರೆ, ಇಂಥ ಕೀಳು ಮಾತು ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಅವರು ಗಾಬರಿಯಾಗಿ ನೋಟುಬುಕ್ಕು ತಂದು ಹಾಳೆ ತಿರುವಿ ನನ್ನ ಮುಂದೆ ಹಿಡಿದರು. ಬಾರಬೇ ಎಂಬ ಮಾತಿನ ಮುಂದೆ ನನ್ನ ಹೆಸರು ಬರೆದಿತ್ತು.

ದಿನಾ ಮುಂಜಾನೆ ಅಂಗಳ ಗುಡಿಸುವ ಹೆಂಗಸನ್ನು ನೀವು ಹಾಗೆಯೇ ಕರೆಯುತ್ತೀರಲ್ಲ, ಎಂದರು ಅಮ್ಮನವರು. ಆಕೆ ನಿಮಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವಳು, ನಿಮ್ಮ ತಾಯಿಯ ವಾರಿಗೆಯವಳು. ಹಾಗಾಗಿ ಹಿರಿಯ ಹೆಣ್ಣುಮಕ್ಕಳಿಗೆ ಕೊಡುವ ಗೌರವದ ಮಾತು ಅದು ಎಂದುಕೊಂಡೆ.

ಅವರು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ನಿಜವಾಗಿಯೂ ಹಾಗೆಯೇ ತಿಳಿದಿದ್ದರು. ಚುಚ್ಚಲು ಹೇಳಿದ್ದರೆ ಒಂದು ಜಗಳವಾದರೂ ಆಡಬಹುದಿತ್ತು. ನಾನು ಬಸವಣ್ಣನ ಹೆಸರು ಹೇಳಿಕೊಂಡು ಬೆಳೆದ ಮನೆಯವಳು. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಮುಂಜಾನೆ ಆ ಹೆಂಗಸು ಕಸಬರಿಗೆ ಹಿಡಿದು ಬಂದಳು. ನಾನು ಮೆಟ್ಟಿಲಿಳಿದು ಹೋಗಿ, "ಬರ್ರಿ, ಆರಾಮ ಇದ್ದೀರಿ?" ಎಂದೆ. ಆಕೆಯ ಮುಖ ಬಿಳಿಚಿತು. ಕಸಬರಿಗೆ ಕೆಳಗಿಟ್ಟಳು.

"ನಾ ಏನ್ ತಪ್ಪ ಮಾಡೇನ್ರಿ ಅಕ್ಕೋರೆ," ಎಂದಳು ಕೈ ಮುಗಿದು. "ಕೆಲಸದಿಂದ ತೆಗಿಯೂದಿದ್ರ ನೆಟ್ಟಗ ಹೇಳಿಬಿಡ್ರಿ. ಹಿಂಗೆಲ್ಲ ಮಾತಾಡ್ಬ್ಯಾಡ್ರಿ."

ಗಾಣಗಾಪುರದ ಬಸ್ಸು

ಒಮ್ಮೆ ಜೀಪು ಕೆಟ್ಟು ನಿಂತಿತು. ಗಾಣಗಾಪುರದಲ್ಲಿ ಒಬ್ಬ ರೋಗಿಯ ಕಣ್ಣಿನ ಕಟ್ಟನ್ನು ಅಮ್ಮನವರು ಬಿಚ್ಚಬೇಕಿತ್ತು. ಬಸ್ಸಿನಲ್ಲಿ ಹೋಗೋಣ ಎಂದರು.

ಅವರ ಜೊತೆ ಬಸ್ಸಿನಲ್ಲಿ ಕೂಡುವುದೆಂದರೆ ಇಡೀ ಬಸ್ಸಿನ ಕಣ್ಣು ನಮ್ಮ ಮೇಲೆ. ಆಕೆ ಎಲ್ಲರನ್ನೂ ಮಾತಾಡಿಸುವವರು, ಮಂದಿಯ ಕೂಸನ್ನು ಎತ್ತಿಕೊಂಡು ಹಾಡು ಹೇಳುವವರು. ನನಗೆ ಮೈಯೆಲ್ಲ ಮುಳ್ಳು. ಅದಕ್ಕೇ ಅವರು ಮುಂದೆ ಕೂತ ಮೇಲೆ ನಾನು ಜಾಗ ಇಲ್ಲದವಳ ಹಾಗೆ ನಾಲ್ಕು ಸೀಟು ಹಿಂದೆ ಹೋಗಿ ಕೂತೆ. ಪಕ್ಕದಲ್ಲಿ ದತ್ತನ ದರ್ಶನಕ್ಕೆ ಹೊರಟಿದ್ದ ಒಬ್ಬ ಮುದುಕಿ. ಆಕೆ ಮುಂದೆ ತೋರಿಸಿ, "ಯಾರವ್ವಾ ಆಕಿ, ಬಿಳೇಕಿ?" ಎಂದಳು. ನನಗೇನು ಗೊತ್ತು ಎಂದೆ. ನಿಮ್ಮ ಸಂಗಟ ಮಾತಾಡಿದಂಗಾತಲ್ಲ ಎಂದಳು. ಇಲ್ಲ, ಬೇರೆ ಯಾರನ್ನೋ ಕಂಡು ಮಾತಾಡಿರಬೇಕು ಎಂದು ಕಿಟಕಿಯ ಕಡೆ ತಿರುಗಿದೆ.

ಕಂಡಕ್ಟರ್ ಬಂದ. ಅಮ್ಮನವರು ಎರಡು ಟಿಕೀಟು ಕೇಳಿದರು. ಇನ್ನೊಂದು ಯಾರಿಗೆ ಎಂದು ಅವನು ಕೇಳಿದ. ಅವರು ಎದ್ದು ನಿಂತು, ಹಿಂದೆ ತಿರುಗಿ, ಸ್ವಚ್ಛ ಕನ್ನಡದಲ್ಲಿ, "ನನ್ನ ಗುರುಗಳಿಗೆ" ಎಂದು ನನ್ನ ಕಡೆ ಕೈ ತೋರಿಸಿದರು.

ಗಾಣಗಾಪುರದ ಬಸ್ಸಿನಲ್ಲಿ ಗುರು ಎಂಬ ಮಾತು ಆಡಿದರೆ ಕೇಳಬೇಕೇ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಬ್ಬರು ಕೈ ಮುಗಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಈಗ ಈ ಮುದುಕಿ ಉಗಿಯುತ್ತಾಳೆ, ಗೊತ್ತಿಲ್ಲ ಅಂದೆಯಲ್ಲ ಎಂದು ಎಲ್ಲರೆದುರು ಕೇಳುತ್ತಾಳೆ ಎಂದು ಕಾದೆ. ಆಕೆ ಸೀಟಿನಿಂದ ಜಾರಿ, ಇಕ್ಕಟ್ಟಿನಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದಳು.

"ನಂಗ ಆಗಲೇ ತಿಳೀತ್ರಿ ಅವ್ವಾ," ಎಂದಳು ಎಲ್ಲರಿಗೂ ಕೇಳುವಂತೆ. "ಖರೇ ಗುರುಗಳು ತಮ್ಮ ಗುರುತ ತಾವು ಎಂದೂ ಹೇಳೂದಿಲ್ಲ."

ಹರಕೆ

ಪ್ರತಿ ಶನಿವಾರ ಸಾಹೇಬರು ಪ್ಯಾಂಟು ಮಡಚಿಕೊಂಡು, ಬಾವಿಯ ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ತಮ್ಮದಷ್ಟೇ ಅಲ್ಲ, ಅಮ್ಮನವರದೂ. ಒಗೆದು, ಹಿಂಡಿ, ಅವರ ಲಂಗಗಳನ್ನು ಸಾಲಾಗಿ ತಂತಿಯ ಮೇಲೆ ಹರವಿ ಕ್ಲಿಪ್ಪು ಹಾಕುತ್ತಿದ್ದರು. ಅಮ್ಮನವರು ಅದೇ ಹೊತ್ತಿಗೆ ವರಾಂಡದಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದರು. ಕಾಂಪೌಂಡಿನ ಆಚೆ ಅಕ್ಕಪಕ್ಕದ ಹೆಂಗಸರು ಇಣುಕುತ್ತಿದ್ದರು. ಪಾಪ, ಎಂಥಾ ಹೆಂಡತಿ ಗಂಟು ಬಿದ್ದಾಳ ನೋಡು ಎಂದು ಮರುಗುತ್ತಿದ್ದರು.

ಇದರಿಂದ ನನಗೆ ತಲೆ ಎತ್ತಲಾಗದಂತೆ ಆಯಿತು. ಅಷ್ಟು ದೊಡ್ಡ ಡಾಕ್ಟರು ಲಂಗ ಒಗೆಯುತ್ತಾರೆ ಎಂದರೆ ಅವರ ಮರ್ಯಾದೆ ಏನಾಗಬೇಕು, ಅವರ ಹತ್ತಿರ ಕೆಲಸ ಮಾಡುವ ನನ್ನದು ಏನಾಗಬೇಕು. ಒಂದು ಶನಿವಾರ ಆ ಹೆಂಗಸರು ನನ್ನನ್ನೇ ತಡೆದು ಕೇಳಿದರು. ನಾಲಿಗೆಗೆ ಬಂದ ಸುಳ್ಳು ಹೇಳಿದೆ. ಅದು ಅವರ ದೇವರಿಗೆ ಹೊತ್ತ ಹರಕೆ, ಮನೆಗೆ ಒಳ್ಳೆಯದಾಗಲಿ ಎಂದು ಗಂಡಸು ವಾರಕ್ಕೊಮ್ಮೆ ಹೆಂಡತಿಯ ಬಟ್ಟೆ ಒಗೆಯಬೇಕು ಎಂದೆ. ಹೆಂಗಸರು ತಲೆದೂಗಿ ಹೋದರು. ಮಾತು ಮುಗಿಯಿತು ಎಂದುಕೊಂಡೆ.

ಮುಂದಿನ ಶನಿವಾರ ಹಿಂದಿನ ಓಣಿಯ ಟೇಲರ್ ತನ್ನ ಅಂಗಳದಲ್ಲಿ ಹೆಂಡತಿಯ ಸೀರೆ ಒಗೆಯುತ್ತಿದ್ದ. ಆಚೆಯ ಶನಿವಾರ ಇನ್ನೂ ಇಬ್ಬರು ಕೂಡಿಕೊಂಡರು. ಹೆಂಡತಿಯರೇ ಹರಕೆ ಹೊರಿಸಿದ್ದರು: ಒಬ್ಬಾಕೆಗೆ ಮಗಳ ಲಗ್ನ ಕೂಡಿಬರಬೇಕಿತ್ತು, ಇನ್ನೊಬ್ಬಾಕೆಗೆ ಗಂಡನ ಬೀಡಿ ಬಿಡಿಸಬೇಕಿತ್ತು. ದಾರಿಯಲ್ಲಿ ಎದುರಾದಾಗ ಆ ಗಂಡಸರು ನನ್ನನ್ನು ನೋಡುವ ನೋಟಕ್ಕೆ ನಾನು ಓಣಿ ಬದಲಿಸಿ ಓಡಾಡತೊಡಗಿದೆ.

ಟೇಲರಿಗೆ ತಡೆಯಲಾಗಲಿಲ್ಲ. ಒಂದು ದಿನ ಸೀದಾ ಬಾವಿಯ ಕಟ್ಟೆಗೆ ಬಂದು, ಸೋಪು ತಿಕ್ಕುತ್ತಿದ್ದ ಸಾಹೇಬರನ್ನೇ ಕೇಳಿದ. ಸಾಹೇಬರ, ನಿಮ್ಮ ಹರಕಿ ಎಷ್ಟ ದಿನದ್ದು ಎಂದ. ಸಾಹೇಬರಿಗೆ ಹರಕೆ ಎಂಬ ಮಾತು ಹೊಸದು. ಕೈ ಒರೆಸಿಕೊಂಡು ಒಳಗೆ ಹೋಗಿ ನಿಘಂಟು ನೋಡಿ ಬಂದರು. ಅದರಲ್ಲಿ ಕಂಡ ಅವರ ಭಾಷೆಯ ಶಬ್ದ, ಅವರಲ್ಲಿ ಮದುವೆಯ ದಿನ ಗಂಡುಹೆಣ್ಣು ಒಬ್ಬರಿಗೊಬ್ಬರು ಕೊಡುವ ಮಾತಿಗೂ ಇರುವ ಶಬ್ದ. ನಾನು ಕಿಟಕಿಯೊಳಗಿಂದ ಕೈ ಸನ್ನೆ ಮಾಡುವಷ್ಟರಲ್ಲಿ ಅವರು ಟೇಲರಿಗೆ ಪ್ರೀತಿಯಿಂದ ಹೇಳಿಯೇಬಿಟ್ಟಿದ್ದರು.

"ನಲವತ್ತೆರಡ ವರ್ಷ ಆತ್ರಿ. ಇನ್ನೂ ಮುಗದಿಲ್ಲ. ಇಬ್ಬರೊಳಗ ಒಬ್ಬರು ಸಾಯೂತನಕ ಅದ."

ಗೌಡರು ದೇವರನ್ನು ಸೇರಿದ್ದು

ಇದೊಂದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಸಾಹೇಬರು ಯಾರಿಗೂ ನಮ್ಮ ಧರ್ಮಕ್ಕೆ ಬನ್ನಿ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಪ್ರತಿ ಭಾನುವಾರ ವರಾಂಡದಲ್ಲಿ ಹತ್ತು ಕುರ್ಚಿ ಹಾಕುತ್ತಿದ್ದರು. ಗಂಡಹೆಂಡತಿ ಎರಡರಲ್ಲಿ ಕೂತು ಹಾಡು ಹೇಳಿ, ಪ್ರಾರ್ಥನೆ ಮಾಡಿ, ಮತ್ತೆ ಹತ್ತೂ ಕುರ್ಚಿ ಒಳಗೆ ಇಡುತ್ತಿದ್ದರು. ಐದು ವರ್ಷವಾದರೂ ಮೂರನೆಯ ಕುರ್ಚಿಗೆ ಯಾರೂ ಬಂದಿರಲಿಲ್ಲ.

ಜೇವರ್ಗಿ ಕಡೆ ಒಬ್ಬ ಗೌಡರಿದ್ದರು. ಸಾಹೇಬರು ಅವರ ಕಣ್ಣಿನ ಪೊರೆ ತೆಗೆದಿದ್ದರು. ಅಂದಿನಿಂದ ಆ ಕಡೆ ಹೋದಾಗಲೆಲ್ಲ ಅವರ ಮನೆಯಲ್ಲೇ ಊಟ. ಒಂದು ಮುಂಜಾನೆ ಅವರ ಮನೆಯ ಆಳು ಮೋಟರ್‌ಸೈಕಲ್ಲಿನಲ್ಲಿ ಬಂದು, ಗೇಟಿನ ಹತ್ತಿರವೇ ನನಗೆ, "ಗೌಡ್ರು ಲಿಂಗೈಕ್ಯ ಆದ್ರು, ಸಾಹೇಬ್ರಿಗಿ ಹೇಳ್ರಿ" ಎಂದು ತಿಳಿಸಿ ತಿರುಗಿ ಹೋದ.

ಸತ್ತರು ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಂಥ ದೊಡ್ಡವರ ವಿಷಯದಲ್ಲಿ ಆ ಬರಿಯ ಮಾತು ಆಡುವುದೇ ಎನಿಸಿತು. ಇಷ್ಟು ವರ್ಷದಲ್ಲಿ ನನ್ನ ಇಂಗ್ಲಿಷೂ ಸುಧಾರಿಸಿತ್ತು, ಅದನ್ನು ತೋರಿಸುವ ಚಪಲವೂ ಇತ್ತು. ಒಳಗೆ ಹೋಗಿ, ಗಂಭೀರವಾಗಿ, ಗೌಡರು ಇವತ್ತು ಮುಂಜಾನೆ ದೇವರಲ್ಲಿ ಒಂದಾದರು ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅಮ್ಮನವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಕಣ್ಣಲ್ಲಿ ನೀರು ಬಂತು. ಸಾಹೇಬರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಇಬ್ಬರೂ ತಬ್ಬಿಕೊಂಡರು. ಎಷ್ಟು ದುಃಖ ಪಾಪ ಎಂದುಕೊಂಡೆ. ಅಮ್ಮನವರು ಆ ವಾರ ಬೇಯಿಸಿಟ್ಟಿದ್ದ ಕೇಕನ್ನು ಡಬ್ಬಿಗೆ ಹಾಕಿ ಮೇಲೆ ಕೆಂಪು ದಾರ ಕಟ್ಟಿದಾಗ ಸ್ವಲ್ಪ ಅನುಮಾನ ಬಂತು. ದುಃಖದ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂದಿರಬೇಕು ಎಂದು ಸುಮ್ಮನಾದೆ.

ಜೀಪು ಹೊರಟಿತು. ದಾರಿಯುದ್ದಕ್ಕೂ ಸಾಹೇಬರು ಹಾಡು ಹೇಳಿದರು. ಡ್ರೈವರ್ ಚಾಚಾ ಹಿಂದೆ ತಿರುಗಿ ಸಣ್ಣ ದನಿಯಲ್ಲಿ, ಅಕ್ಕೋರೆ, ಸಾಹೇಬ್ರು ಹಾಡಾಕತ್ತಾರಲ್ರಿ ಎಂದ. ಅವರ ಕಡೆ ಪದ್ಧತಿ ಹಾಗೇ ಇರುತ್ತದೆ ಎಂದು ನಾನು ತಿಳಿದವಳ ಹಾಗೆ ಹೇಳಿದೆ.

ಗೌಡರ ಮನೆಯ ಪಡಸಾಲೆಯಲ್ಲಿ ಜನ ತುಂಬಿತ್ತು. ಭಜನೆ ಜೋರಾಗಿ ನಡೆದಿತ್ತು. ನಮ್ಮ ಪದ್ಧತಿಯಂತೆ ಗೌಡರನ್ನು ಸಿಂಗರಿಸಿ ಗೋಡೆಗೆ ಆನಿಸಿ ಕೂಡಿಸಿದ್ದರು. ತಲೆಗೆ ಹೊಸ ರುಮಾಲು, ಹಣೆಗೆ ವಿಭೂತಿ, ಕೊರಳ ತುಂಬ ಹೂವಿನ ಹಾರ. ಮುಚ್ಚಿದ ಕಣ್ಣು. ಸಾಹೇಬರಿಗೆ ಅದು ಪ್ರಾರ್ಥನೆಯಲ್ಲಿ ಕೂತ ಮನುಷ್ಯನಂತೆ ಕಂಡಿತು. ಜನರ ನಡುವೆ ದಾರಿ ಮಾಡಿಕೊಂಡು ನೇರವಾಗಿ ಹೋಗಿ, ಎದುರು ಮೊಣಕಾಲೂರಿ, ಗೌಡರ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. ಭಜನೆಯವರು ಗೌರವದಿಂದ ತಾಳ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಸಾಹೇಬರು, ಚಾಚಾ ಕಲಿಸಿದ ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ, ಕೊನೆಯ ಸಾಲಿನವರಿಗೂ ಕೇಳುವಂತೆ ಹೇಳಿದರು:

"ಗೌಡ್ರ, ನೀವು ದೇವರನ್ನ ಸೇರಿದ್ದು ಕೇಳಿ ನಮಗ ಭಾಳ ಸಂತೋಷ ಆತು. ಇಷ್ಟ ವರ್ಷ ನಾವು ಇದಕ್ಕೇ ಕಾಯಾಕತ್ತಿದ್ದಿವಿ."

 ಸಾಹೇಬರ ಹೆಬ್ಬೆರಳು ತಾನಾಗಿಯೇ ನಾಡಿಯ ಮೇಲೆ ಹೋದದ್ದನ್ನು ಕಂಡೆ. ಅವರ ಮುಖದಿಂದ ಸಂತೋಷ ಇಳಿದುಹೋದದ್ದನ್ನೂ ಕಂಡೆ. ಅವರು ತಿರುಗಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆ ಕ್ಷಣದಲ್ಲೇ ನನಗೆ ಹತ್ತು ಕುರ್ಚಿಗಳೂ, ಮುಂಜಾನೆಯ ಅಪ್ಪುಗೆಯೂ, ಜೀಪಿನ ಹಾಡೂ ಒಟ್ಟಿಗೇ ತಿಳಿದವು: ಮೂರನೆಯ ಕುರ್ಚಿಗೆ ಕೊನೆಗೂ ಗೌಡರು ಬಂದರೆಂದು ಅವರು ನಂಬಿದ್ದರು.

ಇದೇನೂ ಅರಿಯದ ಅಮ್ಮನವರು ಅಷ್ಟರಲ್ಲಿ ಕೇಕಿನ ಡಬ್ಬಿಯನ್ನು ಗೌಡರ ಪಾದದ ಹತ್ತಿರ ಇಟ್ಟುಬಿಟ್ಟಿದ್ದರು. ಪೂಜೆಗೆ ಕೂತಿದ್ದ ಅಯ್ಯನವರು ಅದರ ಮೇಲೆ ವಿಭೂತಿ ಹಚ್ಚಿ, ಎರಡು ಹೂವು ಏರಿಸಿ, ಪಕ್ಕದಲ್ಲಿ ಊದಿನಕಡ್ಡಿ ಹಚ್ಚಿಟ್ಟರು. ಆಮೇಲೆ ನನ್ನನ್ನು ಕರೆದು, ಇದು ಸಾಹೇಬರ ಕಡೆಯ ಪ್ರಸಾದವೇ, ಗೌಡರ ಜೋಡಿ ಸಮಾಧಿಯೊಳಗೆ ಇಡಬೇಕೇ ಎಂದು ಕೇಳಿದರು. ಅದಕ್ಕೆ ನಾಲ್ಕು ತತ್ತಿ ಒಡೆದು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆ ಮನೆಯ ಹೊಸ್ತಿಲನ್ನು ತತ್ತಿ ದಾಟಿದ್ದು ಯಾವ ಕಾಲಕ್ಕೂ ಇಲ್ಲ. ಗಾಬರಿಯಲ್ಲಿ, ಬ್ಯಾಡ್ರಿ, ಅದು ಇದ್ದವರಿಗೆ ಎಂದೆ. ಹಾಗಾದರೆ ಎಲ್ಲರಿಗೂ ಹಂಚೋಣ ಎಂದು ಅಯ್ಯನವರು ದಾರ ಬಿಚ್ಚತೊಡಗಿದರು. ನಾನು ಅವರ ಕೈಯಿಂದ ಡಬ್ಬಿ ಕಸಿದುಕೊಂಡು, ಊದಿನಕಡ್ಡಿಯ ಬೂದಿ ಸೀರೆಯ ಮೇಲೆ ಬೀಳಿಸಿಕೊಳ್ಳುತ್ತ, ಅಷ್ಟು ಜನರ ನಡುವೆ ಓಡಿ ಹೋಗಿ ಜೀಪಿನಲ್ಲಿ ಇಟ್ಟು ಬಂದೆ.

ಮಣ್ಣು ಮುಗಿಯುವವರೆಗೆ ಅವರಿಬ್ಬರೂ ಒಂದು ಮೂಲೆಯಲ್ಲಿ ನಿಂತಿದ್ದರು. ಆಮೇಲೆ ಸಾಹೇಬರು, ಗೌಡರ ಹೆಂಡತಿಯನ್ನು ಕಂಡು ಕ್ಷಮೆ ಕೇಳಬೇಕು, ನನ್ನ ಕನ್ನಡದ ಮೇಲೆ ನನಗೆ ಇವತ್ತು ನಂಬಿಕೆಯಿಲ್ಲ, ನೀವೇ ಹೇಳಿ ಎಂದರು. ಆಕೆ ಒಳಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮುಂಜಾನೆಯಿಂದ ಒಂದು ಮಾತು ಆಡಿಲ್ಲ, ಒಂದು ಹನಿ ಕಣ್ಣೀರು ಹಾಕಿಲ್ಲ ಎಂದು ಸುತ್ತಲಿನ ಹೆಂಗಸರು ಹೆದರಿದ್ದರು. ನಾನು ಅವರ ಮುಂದೆ ಕೂತು, ಜೀವನದಲ್ಲಿ ಮೊದಲ ಸಲ ಯಾವ ಚಂದದ ಶಬ್ದವನ್ನೂ ಹುಡುಕದೆ ಹೇಳಿದೆ.

"ಅವ್ವಾ, ತಪ್ಪು ಸಾಹೇಬರದಲ್ಲ, ನಂದು. ಗೌಡ್ರು ಸತ್ತಾರಂತ ನಾ ಅವರಿಗಿ ನೆಟ್ಟಗ ಹೇಳಲಿಲ್ಲ. ಅವರು ಗೌಡ್ರು ಜೀವಂತ ಇದ್ದಾರಂತ ತಿಳಿದು ಮಾತಾಡಿಸಿದ್ರು. ಭಾಳ ನೊಂದಾರ. ತಪ್ಪಾತು ಅನ್ನಾಕತ್ತಾರ."

ಆಕೆ ತಲೆ ಎತ್ತಿದರು. ಬಾಗಿಲಲ್ಲಿ ಕೈ ಕಟ್ಟಿ, ತಲೆ ಬಗ್ಗಿಸಿ ನಿಂತಿದ್ದ ಸಾಹೇಬರನ್ನು ನೋಡಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ಮೊಣಕೈ ಹಿಡಿದು ಹೇಳಿದರು.

"ಗೌಡ್ರು ತಿರುಗಿ ಮಾತಾಡಲಿಲ್ಲಂತ ಸಾಹೇಬ್ರಿಗಿ ಮನಸ್ಸಿಗಿ ಹಚ್ಕೋಬ್ಯಾಡ್ರಿ ಅಂತ ಹೇಳ್ರಿ ಅಕ್ಕೋರೆ. ನಲವತ್ತ ವರ್ಷ ಬಾಳ್ವಿ ಮಾಡೇನಿ. ನಾ ಕೇಳಿದ್ದಕ್ಕ ಒಂದಿನ 'ಹೂಂ' ಅಂದವರಲ್ಲ."